ಲಾಂಗ್ ಬೆಲ್ ಆದ ಮೇಲೂ ಮುಗಿಯದ ಶಾಲೆ

"ನಮ್ಮ ಕಾಲದಲ್ಲಿ ಇಂಟರ್‌ನೆಟ್ ಎಲ್ಲಿತ್ತು? ಆದ್ರೂ ಓದಿದ್ವಿ ಅಲ್ವಾ ಸಾರ್?" ಈ ಮಾತು ಬಾರದ ಪೋಷಕರ ಸಭೆಯನ್ನು ನಾನು ಕಂಡಿಲ್ಲ. ಹೇಳುವವರ ಕೈಯಲ್ಲೇ ಫೋನ್ ಇರುತ್ತದೆ, ಅದು ಬೇರೆ ವಿಷಯ. ಫೋನ್ ಬಂದು ಮಕ್ಕಳು ಜಾಣರಾದರಾ ದಡ್ಡರಾದರಾ ಎಂಬ ಚರ್ಚೆ ನನಗಂತೂ ಸಾಕಾಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಕಾಣುವ ದೊಡ್ಡ ಬದಲಾವಣೆ ಬೇರೆಯೇ. ಮುಂಚೆ ಶಾಲೆಗೆ ಒಂದು ಕೊನೆ ಇತ್ತು. ಸಂಜೆ ಲಾಂಗ್ ಬೆಲ್ ಹೊಡೆದರೆ ಮುಗೀತು. ಒಳಗಿನದು ಒಳಗೆ, ಹೊರಗಿನದು ಹೊರಗೆ. ಈಗ ಹಾಗಿಲ್ಲ.

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಕೆಲಸ ಕೊಡುವುದು ನನ್ನ ರೂಢಿ. ಅಜ್ಜ ಅಜ್ಜಿ, ಅಪ್ಪ ಅಮ್ಮ ಶಾಲೆಗೆ ಹೇಗೆ ಹೋಗುತ್ತಿದ್ದರು ಅಂತ ಕೇಳಿ ಬರೆದು ತರಬೇಕು. ಅಜ್ಜಂದಿರ ಕಡೆಯಿಂದ ಬರುವುದು ಹೆಚ್ಚುಕಮ್ಮಿ ಒಂದೇ ಕಥೆ. ಸ್ಲೇಟು, ಬಳಪ, ಮಗ್ಗಿ. ಶನಿವಾರ ತೊಂಡೆ ಸೊಪ್ಪು, ಇದ್ದಿಲು ಅರೆದು ಬೋರ್ಡಿಗೆ ಬಳಿಯುವುದು. ಕೇರ್ ಎಂಬ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಜ್ಜಿಯರೇ ಜಾಸ್ತಿ. ಕಾರಣ ಕೇಳಿದರೆ, ಮುಂದಿನ ಸ್ಕೂಲು ದೂರದ ಊರಲ್ಲಿತ್ತು, ಕಳಿಸಲಿಲ್ಲ. ಅಪ್ಪ ಅಮ್ಮಂದಿರ ಕಥೆಯಲ್ಲಿ ಅರ್ಧ ಬೆಲೆಯ ಹಳೇ ಪುಸ್ತಕ, ಗೈಡು, ಬ್ರೌನ್ ಪೇಪರ್ ಬೈಂಡು ಬರುತ್ತವೆ. ಎಸ್ಸೆಸ್ಸೆಲ್ಸಿ ರಿಸಲ್ಟು ನೋಡಲು ಪೇಪರಿನಲ್ಲಿ ರಿಜಿಸ್ಟರ್ ನಂಬರ್ ಹುಡುಕಿದ್ದು ಬರುತ್ತದೆ. ಅವರಲ್ಲೇ ಕಿರಿಯರು ಸೈಬರ್ ಸೆಂಟರ್ ಮುಂದೆ ಸಾಲು ನಿಂತು, ಐದೋ ಹತ್ತೋ ರೂಪಾಯಿ ಕೊಟ್ಟು ಅಂಕದ ಪ್ರಿಂಟ್ ತೆಗೆಸಿದವರು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗ ಸರ್ಕಾರದ್ದಾಗಿದ್ದ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆದರೆ ಹಳ್ಳಿಯ ಶಾಲೆಗೆ ಅದು ಮುಟ್ಟಿದ್ದು 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. ನಡುವಿನ ಇಪ್ಪತ್ತು ವರ್ಷ ನಮ್ಮ ಮಟ್ಟಿಗೆ ಇಂಟರ್‌ನೆಟ್ ಅಂದರೆ ಸೈಬರ್ ಸೆಂಟರೇ. ಒಂದು ರೀತಿಯಲ್ಲಿ ಈಗಲೂ ಹೌದು. ಹೇಗೆ ಅಂತ ಹೇಳುತ್ತೇನೆ.

ವರ್ಷವಿಡೀ ಮಗುವಿನ ಕಲಿಕೆ ಅಳೆಯುವ ಸಿಸಿಇ ಪದ್ಧತಿ ಬಂದ ಮೇಲೆ, ನಡುನಡುವೆ ಕೊಡುವ ಎಫ್‌ಎ ಅಂಕಕ್ಕೆ ಮಕ್ಕಳು ಚಟುವಟಿಕೆ ಮಾಡಬೇಕು. ಮಗು ಸೈಬರ್ ಅಂಗಡಿಗೆ ಹೋಗಿ "ಅಣ್ಣಾ, ಆಮ್ಲ ಪ್ರತ್ಯಾಮ್ಲದ ಪ್ರಾಜೆಕ್ಟ್ ಕೊಡಿ" ಅನ್ನುತ್ತದೆ. ಅಂಗಡಿಯವರು ಆಗಲೇ ಸೇವ್ ಮಾಡಿ ಇಟ್ಟಿರುತ್ತಾರೆ. ಪ್ರಿಂಟ್ ಬರುತ್ತದೆ, ಸುತ್ತ ಸ್ಕೆಚ್ ಪೆನ್ನಿನ ಗೆರೆ ಬೀಳುತ್ತದೆ, ಪ್ರಾಜೆಕ್ಟ್ ರೆಡಿ. ಒಂದೇ ಕ್ಲಾಸಿನ ಅರ್ಧ ಮಕ್ಕಳದ್ದು ಒಂದೇ ಪ್ರಾಜೆಕ್ಟ್, ಒಂದೇ ಅಚ್ಚಿನ ತಪ್ಪು. "ಕೈಯಲ್ಲೇ ಬರೆದು ತನ್ನಿ" ಅಂತ ಒಮ್ಮೆ ಗಟ್ಟಿಯಾಗಿ ಹೇಳಿದೆ. ಬರೆದೇ ತಂದರು. ಒಬ್ಬ ಹುಡುಗನ ಪುಟದ ನಡುವೆ, ಅಚ್ಚುಕಟ್ಟಾದ ನೀಲಿ ಇಂಕಿನ ಅಕ್ಷರದಲ್ಲಿ, ಹೀಗಿತ್ತು: "ಇದನ್ನೂ ಓದಿ: ಇಂದಿನ ಚಿನ್ನದ ಬೆಲೆ". ಯಾವುದೋ ಸುದ್ದಿ ತಾಣದಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸಿದ್ದ.

ನಗು ಬಂತು, ಬೈಯಲಿಲ್ಲ. ಯಾಕೆಂದರೆ ನಮ್ಮ ಕಾಲದ ಪ್ರಾಜೆಕ್ಟೂ ಏನು ಸಾಚಾ ಅಲ್ಲ. ಆಗ ಸ್ಟೇಷನರಿ ಅಂಗಡಿಯಲ್ಲಿ ಪುಡಿಗಾಸಿಗೆ ಚಿತ್ರಪಟ ಸಿಗುತ್ತಿತ್ತು. ಮುಂದೆ ಚಿತ್ರ, ಹಿಂದೆ ವಿವರ. ಕತ್ತರಿಸಿ ಅಂಟಿಸಿದರೆ ಹಿಂದಿನ ವಿವರ ಹೋಗುತ್ತಿತ್ತು, ಅದಕ್ಕೆ ಮೊದಲೇ ಬರೆದುಕೊಳ್ಳುತ್ತಿದ್ದೆವು. ಅದೂ ನಕಲೇ. ವ್ಯತ್ಯಾಸ ಇಷ್ಟೇ: ಆಗ ಮಾಹಿತಿ ಸಿಗುವ ಜಾಗ ಎರಡೋ ಮೂರೋ. ಪಠ್ಯಪುಸ್ತಕ, ಗೈಡು, ಮೇಷ್ಟ್ರು. ಮೇಷ್ಟ್ರು ನೋಟ್ಸ್ ಬರೆಸದಿದ್ದರೆ ಪರೀಕ್ಷೆಗೆ ಓದಲು ಏನೂ ಇಲ್ಲ. ಹಾಗಾಗಿ ಕ್ಲಾಸ್ ತಪ್ಪಿಸಿದವನು ಗೆಳೆಯನ ಮನೆಗೆ ಹೋಗಿ, ನೋಟ್ಸ್ ಇಸ್ಕೊಂಡು, ಕೂತು ಬರೆಯಲೇಬೇಕಿತ್ತು. ಬರೆಯುವಾಗ ಒಂದಷ್ಟು ತಲೆಗೂ ಹೋಗುತ್ತಿತ್ತು. ಈಗ ಬೋರ್ಡಿನ ಫೋಟೋ ಗೆಳೆಯನ ಫೋನಿನಿಂದ ಬರುತ್ತದೆ. ಅದು ಗ್ಯಾಲರಿಯಲ್ಲಿ ಉಳಿಯುತ್ತದೆ. ತೆರೆದು ನೋಡುವವರು ಕಮ್ಮಿ.

ಅದಕ್ಕೇ ಈಗ ನಾನು ಪ್ರಶ್ನೆಯನ್ನೇ ಬದಲಾಯಿಸಿದ್ದೇನೆ. ಪೇಪರಿಗೆ ಅರಿಶಿನ ಹಚ್ಚಿ ಒಣಗಿಸಿ. ನಿಮ್ಮ ಮನೆಯ ಬೋರ್‌ವೆಲ್ ನೀರು, ಬಟ್ಟೆ ಸೋಪಿನ ನೀರು, ಹುಣಸೆ ಹುಳಿ, ಎಲೆಅಡಿಕೆಯ ಸುಣ್ಣ, ಇವುಗಳನ್ನು ಒಂದೊಂದು ಹನಿ ಬಿಡಿ. ಯಾವುದು ಕೆಂಪಾಯಿತು ಬರೆಯಿರಿ. ಅರಿಶಿನ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ ಅಂತ ಫೋನಿಗೂ ಗೊತ್ತು. ಆದರೆ ಅವರ ಮನೆಯ ನೀರು ಏನು ಮಾಡಿತು ಅಂತ ಅದಕ್ಕೆ ಗೊತ್ತಿಲ್ಲ. ಒಬ್ಬ ಹುಡುಗಿ ಬರೆದಿದ್ದಳು: "ಅಜ್ಜಿ ನೋಡಿ, ಇದೇನು ಹೊಸದೇ, ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲೆಸಿದರೆ ನೀರು ಕೆಂಪಾಗಲ್ವಾ ಎಂದರು." ಆ ಕ್ಲಾಸಿಗೆ ನಾನು ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲ ತೋರಿಸುವ ಸೂಚಕಗಳ ಪಾಠವನ್ನು ಅಲ್ಲಿಂದಲೇ ಶುರು ಮಾಡಿದೆ.

ಇಷ್ಟು ಮಾಹಿತಿಯ ಮಾತಾಯಿತು. ನನ್ನನ್ನು ಜಾಸ್ತಿ ಕಾಡುವುದು ಜಗಳದ ವಿಷಯ.

ಮುಂಚೆ ಮಕ್ಕಳು ಜಗಳ ಆಡುತ್ತಿದ್ದರು, ಠೂ ಬಿಡುತ್ತಿದ್ದರು. ತೀರಾ ಕೋಪ ಬಂದರೆ ದಾರಿಯಲ್ಲಿ ಎರಡು ಏಟು. ರಾತ್ರಿ ಪೂರ್ತಿ ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅರ್ಧ ಮರೆತಿರುತ್ತಿತ್ತು. ಈಗ ಮೂರು ಗಂಟೆಗೆ ಬೆಂಚಿನಲ್ಲಿ ಶುರುವಾದ ಜಗಳ ಸಂಜೆ ಇನ್‌ಸ್ಟಾಗ್ರಾಂಗೆ ಹೋಗುತ್ತದೆ. ಅಲ್ಲಿ ನೋಡುವವರು ಇರುತ್ತಾರೆ, ಲೈಕ್ ಒತ್ತುವವರು ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಬೆಳಗ್ಗೆ ಹಾಜರಿ ಕೂಗುವಾಗ ಹಿಂದಿನ ಬೆಂಚಿನ ಹುಡುಗಿ ಅಳುತ್ತಿರುತ್ತಾಳೆ. ಯಾಕಮ್ಮ ಅಂದರೆ, "ಗ್ರೂಪಿಂದ ತೆಗೆದ್ರು ಸಾರ್." ದೊಡ್ಡವರಿಗೆ ಇದು ಸಣ್ಣದು. ಹದಿನಾಲ್ಕು ವರ್ಷದವಳಿಗೆ ಇಡೀ ಕ್ಲಾಸೇ ತನ್ನನ್ನು ಹೊರಗೆ ಹಾಕಿದ ಹಾಗೆ. ಇನ್‌ಸ್ಟಾಗ್ರಾಂ ಖಾತೆ ತೆರೆಯಲು 13 ವರ್ಷ ಆಗಿರಬೇಕು ಎಂಬ ನಿಯಮ ಇದೆ. ಆರನೇ ಕ್ಲಾಸಿನ ಮಕ್ಕಳು ಅಣ್ಣನ ಹುಟ್ಟಿದ ತಾರೀಕು ಹಾಕಿ ಒಳಗೆ ಹೋಗಿರುತ್ತಾರೆ.

ಇಂಥದ್ದು ಬಂದಾಗ ತಂದೆ ತಾಯಿ ಮೊದಲು ಮಾಡುವುದು ಫೋನ್ ಕಿತ್ತುಕೊಳ್ಳುವುದು. ಅದರಿಂದ ಒಂದೇ ಲಾಭ, ಮುಂದಿನ ಸಲ ಮಗು ನಿಮ್ಮ ಹತ್ತಿರ ಹೇಳುವುದಿಲ್ಲ. ನಾನು ಮೊದಲು ಮೆಸೇಜ್ ಅಳಿಸಬೇಡಿ ಅನ್ನುತ್ತೇನೆ. ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತೇನೆ, ಇಡೀ ಕ್ಲಾಸಿನ ಮುಂದೆ ಅಲ್ಲ. ಫೋಟೋ ತಿದ್ದಿ ಹಾಕಿದ್ದಾರೆ, ಹೆದರಿಸುತ್ತಿದ್ದಾರೆ ಅಂದರೆ ಶಾಲೆಯ ಮಟ್ಟದಲ್ಲಿ ಮುಚ್ಚಿಹಾಕುವ ಮಾತೇ ಇಲ್ಲ. ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರೂ ಇದ್ದಾರೆ.

ಹಾಗಂತ ಎಲ್ಲಾ ಮಕ್ಕಳ ಕೈಗೂ ಫೋನ್ ಬಂದಿದೆ ಅಂದುಕೊಂಡರೆ ಅದು ತಪ್ಪು ಲೆಕ್ಕ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿ ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಕೇಳಿತ್ತು. ಸುಮಾರು ಶೇ. 90ರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಬಳಸಲು ಬರುವ ಹುಡುಗರಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಶೇ. 19.8ರಷ್ಟು ಮಂದಿಗೆ ಮಾತ್ರ. ನಮ್ಮ ಕ್ಲಾಸಿನ ಚಿತ್ರವೂ ಇದೇ. ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಮೊದಲು ಅಣ್ಣ, ಆಮೇಲೆ ತಂಗಿ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಆ ವಯಸ್ಸಿನ ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ. ಇಂಥ ಮಕ್ಕಳು ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ. ಉತ್ತರ ಅಕ್ಷರದಲ್ಲಿ ಬಂದರೆ ವಾಪಸ್ ಹೋಗಿ ವಿಡಿಯೋ ಹುಡುಕುತ್ತಾರೆ.

2020ರಲ್ಲಿ ಇದೆಲ್ಲಾ ಬಯಲಾಯಿತು. ಶಾಲೆ ಮುಚ್ಚಿದಾಗ ಆನ್‌ಲೈನ್ ಕ್ಲಾಸ್ ಅಂದರು. ಕಡೆಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಒದಗಿದ್ದು ದೂರದರ್ಶನ ಚಂದನದ ಸಂವೇದ ಪಾಠಗಳು ಮತ್ತು ಆಗಸ್ಟ್‌ನಲ್ಲಿ ಶುರುವಾದ, ಶಾಲೆಯ ಹೊರಗೇ ಪಾಠ ಮಾಡುವ ವಿದ್ಯಾಗಮ. ದೇವಸ್ಥಾನದ ಅಂಗಳ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮೇಷ್ಟ್ರು ಪಾಠ ಮಾಡಿದರು. ಅಜ್ಜನ ಕಾಲದ ಶಾಲೆಯೇ ಅಲ್ವಾ ಅದು?

ಪರೀಕ್ಷೆಯ ಕೋಣೆಯೊಳಗೂ ಇಂಟರ್‌ನೆಟ್ ಬಂದಿದೆ. ನಮ್ಮ ಕಾಲದಲ್ಲಿ ಭಯ ಅಂದರೆ ಸ್ಕ್ವಾಡ್. ಜೀಪಿನ ಸದ್ದು ಕೇಳಿದರೆ ಚೀಟಿಗಳು ಕಿಟಕಿಯಿಂದ ಹಾರುತ್ತಿದ್ದವು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೋಣೆಗಳಿಗೆ ಕ್ಯಾಮೆರಾ ಹಾಕಿ, ದೂರದಿಂದಲೇ ನೋಡಲು ಆಗುವಂತೆ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಅಂಕಿ ನೋಡಿದ ಮೇಲೆ "ನಮ್ಮ ಕಾಲದಲ್ಲಿ ಓದಿ ಪಾಸಾಗ್ತಿದ್ವಿ" ಅನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. ಎಲ್ಲಾ ಬದಲಾವಣೆಯನ್ನೂ ಇಂಟರ್‌ನೆಟ್ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹಳ್ಳಿಯ ಹೆಣ್ಣುಮಕ್ಕಳ ಮಟ್ಟಿಗೆ 2002ರಲ್ಲಿ ಶುರುವಾದ ಬಿಸಿಯೂಟ, 2006-07ರಲ್ಲಿ ಎಂಟನೇ ಕ್ಲಾಸಿಗೆ ಕೊಡಲು ಶುರು ಮಾಡಿದ ಸೈಕಲ್, ಇವು ಯಾವ ಫೋನಿಗಿಂತಲೂ ದೊಡ್ಡವು. "ಮುಂದಿನ ಸ್ಕೂಲು ದೂರ" ಅಂತ ಅಜ್ಜಿ ನಿಂತ ಜಾಗದಿಂದ ಮೊಮ್ಮಗಳು ಸೈಕಲ್ ತುಳಿದುಕೊಂಡೇ ಮುಂದೆ ಹೋದಳು.

ಕೊನೆಗೆ ಪೋಷಕರ ವಾಟ್ಸಾಪ್ ಗ್ರೂಪು. ಮುಂಚೆ ತಂದೆ ಶಾಲೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ" ಅಂತ ಹೇಳಿ ಹೋದರೆ ಮುಗೀತು. ಈಗ ರಾತ್ರಿ ಹತ್ತೂವರೆಗೆ "ನಾಳೆ ಯೂನಿಫಾರಂ ಯಾವುದು ಸಾರ್" ಬರುತ್ತದೆ. ಬೆಳಗ್ಗೆ ಐದಕ್ಕೆ ಗುಡ್ ಮಾರ್ನಿಂಗ್ ಹೂವು ಬರುತ್ತದೆ. ರೇಗುತ್ತದೆ ನಿಜ. ಆದರೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದ ತಾಯಿ ಅದೇ ಗ್ರೂಪಿನಲ್ಲಿ ಮಗಳ ಅಂಕ ನೋಡುತ್ತಾಳೆ. ಅಕ್ಷರ ಬರೆಯಲು ಬಾರದಿದ್ದರೆ ವಾಯ್ಸ್ ಕಳಿಸುತ್ತಾಳೆ. ಮೊದಲಾಗಿದ್ದರೆ ಹಬ್ಬಕ್ಕೆ ಊರಿಗೆ ಬಂದಾಗಲೇ ಅವಳಿಗೆ ತಿಳಿಯುತ್ತಿದ್ದದ್ದು. ಹೀಗಾಗಿ ಗ್ರೂಪು ಮುಚ್ಚುವ ಮನಸ್ಸಾಗಲಿಲ್ಲ. ಸಂಜೆ ಏಳರ ಮೇಲೆ ಮಳೆ ರಜೆಯ ಸುದ್ದಿ ಬಿಟ್ಟು ಬೇರೆ ಏನೂ ಹಾಕಬಾರದು ಅಂತ ಒಂದು ಕಟ್ಟು ಮಾಡಿದ್ದೇವೆ. ಮಕ್ಕಳ ಅಂಕವನ್ನು ಎಲ್ಲರ ಮುಂದೆ ಹಾಕದೆ ಅವರವರ ಮನೆಯವರಿಗೆ ಮಾತ್ರ ಕಳಿಸುತ್ತೇವೆ.

ರಜೆ ಬೇಕಾದರೆ ಮಾತ್ರ ಮೆಸೇಜ್ ನಡೆಯುವುದಿಲ್ಲ, ಮಗು ತಾನೇ ಬರೆದ ರಜಾ ಅರ್ಜಿ ತರಬೇಕು, ಮನೆಯವರ ಸಹಿ ಇರಬೇಕು. "ಇಷ್ಟೆಲ್ಲಾ ಫೋನ್ ಇರುವಾಗ ಚೀಟಿ ಯಾಕೆ ಸಾರ್?" ಅಂತ ಕೇಳುವ ಪೋಷಕರಿಗೆ ನನ್ನ ಉತ್ತರ ಸುಲಭ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ಇನ್ನೂ ಇದೆ.