ಥೆರಪಿ ಬಿಲ್: ಯೂನಿಟ್ ಎಷ್ಟು, ಭೇಟಿ ಎಷ್ಟು?

ಹಾಸನದಲ್ಲಿ ನಮ್ಮ ಜೊತೆ ಮೆಡಿಕಲ್ ಕೋಡಿಂಗ್ (ಚಿಕಿತ್ಸೆಯನ್ನು ಬಿಲ್‌ಗಾಗಿ ಕೋಡ್‌ನಲ್ಲಿ ಬರೆಯುವ ಕೆಲಸ) ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಅಮೆರಿಕದ ಮೆಡಿಕೇಡ್ ಯಾವ ಥೆರಪಿಗೆ ಎಷ್ಟು ಹಣ ಕೊಟ್ಟಿದೆ ಎಂಬ ಪಟ್ಟಿ ಓದುವಾಗ ತಲೆ ಕೆಡುವುದು ಯೂನಿಟ್ ಲೆಕ್ಕದಲ್ಲಿ. ಯೂನಿಟ್ ಅಂದರೆ ಬಿಲ್‌ನಲ್ಲಿ ಥೆರಪಿಯನ್ನು ಎಣಿಸುವ ಅಳತೆ.

ಹಿನ್ನೆಲೆ ಚಿಕ್ಕದು. ಮೆಡಿಕೇಡ್ ಅಲ್ಲಿನ ಕೇಂದ್ರ ಮತ್ತು ರಾಜ್ಯ ಸೇರಿ ಮುಖ್ಯವಾಗಿ ಕಡಿಮೆ ಆದಾಯದವರಿಗೆ ನಡೆಸುವ ಆರೋಗ್ಯ ವಿಮೆ. 21 ವರ್ಷದೊಳಗಿನವರಿಗೆ ಅಗತ್ಯವಾದ ಥೆರಪಿ ಕೊಡಲೇಬೇಕು ಎಂಬ ಕಾನೂನಿದೆ. ದರ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಆರೋಗ್ಯ ಕರ್ನಾಟಕದಲ್ಲಿ ಒಂದು ಚಿಕಿತ್ಸೆಗೆ ಇಷ್ಟು ಎಂದು ಪ್ಯಾಕೇಜ್ ಇರುತ್ತದಲ್ವಾ, ಆ ಅಭ್ಯಾಸ ಬಿಟ್ಟು ಓದಬೇಕು. ಥೆರಪಿ ಬಿಲ್‌ನಲ್ಲಿ ಮಾಡಿದ ಒಂದೊಂದು ಕೆಲಸಕ್ಕೂ ಒಂದು ಕೋಡ್.

ಈಗ ಮುಖ್ಯ ವಿಷಯ. 92507 ಸ್ಪೀಚ್ ಥೆರಪಿಯ ಕೋಡ್. ಇದಕ್ಕೆ ಸಮಯದ ಲೆಕ್ಕ ಇಲ್ಲ. ಮಗು 30 ನಿಮಿಷ ಕೂತರೂ 1 ಯೂನಿಟ್, 45 ನಿಮಿಷ ಕೂತರೂ 1 ಯೂನಿಟ್. 97530 ಆಕ್ಯುಪೇಶನಲ್ ಥೆರಪಿಯಲ್ಲಿ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಥೆರಪಿ) ಜಾಸ್ತಿ ಕಾಣುವ ಕೋಡ್. ಇದು 15 ನಿಮಿಷಕ್ಕೆ 1 ಯೂನಿಟ್. 45 ನಿಮಿಷ ಆದರೆ 3.

ಲೆಕ್ಕಕ್ಕೆ ಒಂದು ಊಹೆ ಮಾಡೋಣ. ಎರಡಕ್ಕೂ 45 ನಿಮಿಷದ ಒಂದು ಭೇಟಿಗೆ 90 ಡಾಲರ್ ಸಿಗುತ್ತದೆ. ಹತ್ತು ಭೇಟಿಗೆ ಎರಡೂ ಕಡೆ 900 ಡಾಲರ್. ಆದರೆ ಪಟ್ಟಿಯಲ್ಲಿ ಸ್ಪೀಚ್ 10 ಯೂನಿಟ್, ಆಕ್ಯುಪೇಶನಲ್ 30 ಯೂನಿಟ್. ಹಣವನ್ನು ಯೂನಿಟ್‌ನಿಂದ ಭಾಗಿಸಿದರೆ ಒಂದು ಕಡೆ 90, ಇನ್ನೊಂದು ಕಡೆ 30. ಸ್ಪೀಚ್ ಥೆರಪಿ ಮೂರು ಪಟ್ಟು ದುಬಾರಿ ಎಂದು ಕಾಣುತ್ತದೆ. ಅದು ಸುಳ್ಳು. ಇಂಥ ಸುಳ್ಳು ನಂಬಿ ಯಾರಾದರೂ ದರ ಇಳಿಸಿದರೆ ಪೆಟ್ಟು ಬೀಳುವುದು ಮಾತು ಕಲಿಯುತ್ತಿರುವ ಮಗುವಿಗೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮೊದಲು ಯೂನಿಟ್ ಅನ್ನು ಭೇಟಿಗೆ ತಿರುಗಿಸಿ, ಆಮೇಲೆ ಹೋಲಿಸಿ.

15 ನಿಮಿಷ ಪೂರ್ತಿ ಆಗದಿದ್ದರೆ? ಮೆಡಿಕೇರ್‌ನ (ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ವಿಮೆ) ಎಂಟು ನಿಮಿಷದ ನಿಯಮ ನೋಡಿ. 8ರಿಂದ 22 ನಿಮಿಷಕ್ಕೆ 1 ಯೂನಿಟ್, 23ರಿಂದ 37ಕ್ಕೆ 2, 38ರಿಂದ 52ಕ್ಕೆ 3. ಒಂದೇ ದಿನ ಸಮಯದ ಕೋಡ್ ಎರಡಿದ್ದರೆ ಮೊದಲು ನಿಮಿಷ ಕೂಡಿಸಬೇಕು. 97530 ಕೋಡ್‌ನ ಕೆಲಸ 12 ನಿಮಿಷ, 97535 ಎಂಬ ಇನ್ನೊಂದು ಸಮಯದ ಕೋಡ್‌ನ ಕೆಲಸ 9 ನಿಮಿಷ ಎಂದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಎರಡೂ 8 ದಾಟಿವೆ, 2 ಯೂನಿಟ್ ಅನಿಸುತ್ತದೆ. ಕೂಡಿಸಿದರೆ 21. ಹಾಗಾಗಿ 1 ಯೂನಿಟ್ ಮಾತ್ರ, ಅದೂ ಜಾಸ್ತಿ ಹೊತ್ತು ಮಾಡಿದ 97530ಗೆ. ಎಲ್ಲಾ ರಾಜ್ಯಗಳ ಮೆಡಿಕೇಡ್ ಈ ನಿಯಮವನ್ನೇ ಪಾಲಿಸುತ್ತದೆ ಎಂದೇನಿಲ್ಲ. ಆಯಾ ರಾಜ್ಯದ ಕೈಪಿಡಿ ತೆಗೆದು ನೋಡಲೇಬೇಕು.

ಮಾಡಿಫೈಯರ್, ಅಂದರೆ ಯಾವ ಬಗೆಯ ಥೆರಪಿ ಎಂದು ತಿಳಿಸಲು ಕೋಡ್ ಪಕ್ಕದಲ್ಲಿ ಬರೆಯುವ ಎರಡು ಅಕ್ಷರ, ಸುಲಭ: ಜಿಎನ್ ಸ್ಪೀಚ್, ಜಿಒ ಆಕ್ಯುಪೇಶನಲ್, ಜಿಪಿ ಫಿಸಿಕಲ್.

ಕೊನೆಯದಾಗಿ ಎನ್‌ಪಿಐ, ಅಂದರೆ ಚಿಕಿತ್ಸೆ ಕೊಡುವವರಿಗೆ ಇರುವ 10 ಅಂಕಿಯ ಸಂಖ್ಯೆ. ಬಿಲ್ ಹಾಕಿದವರ ಎನ್‌ಪಿಐ ಬೇರೆ, ಥೆರಪಿ ಕೊಟ್ಟವರದ್ದು ಬೇರೆ ಇರಬಹುದು. ಆಸ್ಪತ್ರೆಯೋ ಕ್ಲಿನಿಕ್ಕೋ ಬಿಲ್ ಹಾಕಿದ್ದರೆ ಹತ್ತಾರು ಥೆರಪಿಸ್ಟ್‌ಗಳ ದುಡಿಮೆ ಒಂದೇ ಸಾಲಿನಲ್ಲಿ ಬರುತ್ತದೆ. ದೊಡ್ಡ ಮೊತ್ತ ಕಂಡ ತಕ್ಷಣ ಒಬ್ಬರೇ ಅಷ್ಟು ಹಣ ಪಡೆದರು ಎಂದು ಬರೆಯಬೇಡಿ. ಆ ಸಂಖ್ಯೆ ವ್ಯಕ್ತಿಯದೋ ಸಂಸ್ಥೆಯದೋ ಎಂದು ನೋಡಿಕೊಳ್ಳಿ.