ಕಿವಿಯ ಮೇಲೆ ಬರೆದ ದೇಹದ ನಕ್ಷೆ

ಫ್ರಾನ್ಸಿನ ಲಿಯೋನ್ ನಗರದಲ್ಲಿ ಪಾಲ್ ನೋಜಿಯೆ ಎಂಬ ವೈದ್ಯರಿದ್ದರು. 1950ರ ದಶಕದ ಆರಂಭದಲ್ಲಿ ತಮ್ಮಲ್ಲಿಗೆ ಬರುತ್ತಿದ್ದ ಕೆಲವು ರೋಗಿಗಳ ಕಿವಿಯ ಮೇಲೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಚಿಕ್ಕದೊಂದು ಸುಟ್ಟ ಕಲೆ ಇರುವುದು ಅವರ ಕಣ್ಣಿಗೆ ಬಿತ್ತು. ವಿಚಾರಿಸಿದಾಗ, ಸೊಂಟದಿಂದ ಕಾಲಿನವರೆಗೆ ಸೆಳೆಯುವ ಸಯಾಟಿಕಾ ನೋವಿಗಾಗಿ ಮಾರ್ಸೇಯ್ ಊರಿನ ನಾಟಿ ಚಿಕಿತ್ಸಕಿಯೊಬ್ಬರು ಅಲ್ಲಿ ಬರೆ ಹಾಕಿದ್ದರೆಂದೂ, ಆಮೇಲೆ ನೋವು ಇಳಿಯಿತೆಂದೂ ರೋಗಿಗಳು ಹೇಳಿದರು. ಕಾಮಾಲೆಗೆ, ಮಕ್ಕಳ ಬಾಲಗ್ರಹಕ್ಕೆ ಬರೆ ಹಾಕಿಸುವುದನ್ನು ಕಂಡೋ ಕೇಳಿಯೋ ಬಲ್ಲ ನಮಗೆ ಇದರಲ್ಲಿ ವಿಶೇಷವೇನೂ ಕಾಣದೆ ಹೋಗಬಹುದು. ಓದಿದ ವೈದ್ಯರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೇ ವಾಡಿಕೆ. ನೋಜಿಯೆ ತಳ್ಳಿಹಾಕಲಿಲ್ಲ. ತಾವೇ ಅದನ್ನು ಪ್ರಯೋಗಿಸಿ ನೋಡಿದರು. ಕ್ರಮೇಣ ಬರೆಯ ಬದಲು ಅಕ್ಯುಪಂಕ್ಚರಿನ ಸೂಜಿ ಹಿಡಿದರು.

ಅವರ ತರ್ಕ ಹೀಗಿತ್ತು. ಕಿವಿಯ ಒಳ ಏಣಿನ ಮೇಲಿರುವ ಆ ಬಿಂದು ಬೆನ್ನುಮೂಳೆಯ ಕೆಳತುದಿಗೆ ಸಂಬಂಧಿಸಿದ್ದಾದರೆ, ಆ ಏಣೆಲ್ಲ ತಲೆಕೆಳಗಾದ ಬೆನ್ನುಮೂಳೆಯೇ ಆಗಿರಬೇಕು. ಹಾಗಾದರೆ ಹಾಲೆಯ ಜಾಗದಲ್ಲಿ ತಲೆ, ಕಿವಿರಂಧ್ರದ ಪಕ್ಕದ ಬಟ್ಟಲಿನಂಥ ತಗ್ಗಿನಲ್ಲಿ ಹೃದಯ, ಶ್ವಾಸಕೋಶ, ಜಠರ, ಮೇಲ್ಭಾಗದಲ್ಲಿ ಕೈಕಾಲು. ಒಟ್ಟಿನಲ್ಲಿ ಗರ್ಭದಲ್ಲಿ ತಲೆ ಕೆಳಗೆ ಮಾಡಿ ಮುದುರಿ ಮಲಗಿದ ಶಿಶುವಿನ ಆಕಾರ. ಈ ನಕ್ಷೆ 1957ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು, ಅಲ್ಲಿಂದ ಚೀನಾಕ್ಕೆ ತಲುಪಿತು, ಚೀನೀ ವೈದ್ಯರು ಅದನ್ನು ಪರಿಶೀಲಿಸಿ ತಮ್ಮದನ್ನೂ ಸೇರಿಸಿ ಹಿಗ್ಗಿಸಿದರು. ಕಿವಿಯ ಮೇಲೆ ಕೆಲವು ಚಿಕಿತ್ಸಾ ಬಿಂದುಗಳನ್ನು ಗುರುತಿಸುವುದು ಚೀನಾದ ಹಳೆಯ ವೈದ್ಯದಲ್ಲೂ ಇತ್ತು, ನಿಜ. ಆದರೆ ಇಂದು ಚಿಕಿತ್ಸಾಲಯಗಳ ಗೋಡೆಯಲ್ಲಿ ತೂಗುವ ಕಿವಿಯ ನಕ್ಷೆಗೆ ಸುಮಾರು ಎಪ್ಪತ್ತು ವರ್ಷವಷ್ಟೇ, ಅದರ ತವರು ಬೀಜಿಂಗ್ ಅಲ್ಲ, ಲಿಯೋನ್. ಕಿವಿಯ ಅಕ್ಯುಪಂಕ್ಚರನ್ನು ಐದು ಸಾವಿರ ವರ್ಷಗಳ ಪ್ರಾಚೀನ ವಿದ್ಯೆಯೆಂದು ಕೊಂಡಾಡುವವರಿಗೆ ಇದು ರುಚಿಸಲಾರದು.

ಮೈಗೆ ಚುಚ್ಚುವ ಅಕ್ಯುಪಂಕ್ಚರ್ ಮಾತ್ರ ನಿಜಕ್ಕೂ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚೀನೀ ವೈದ್ಯಗ್ರಂಥ ‘ಹ್ವಾಂಗ್‌ಡಿ ನೈಜಿಂಗ್’ನಲ್ಲಿ ಅದರ ವಿವರಣೆಯಿದೆ. ಆದರೂ ಅದರ ಹಾದಿ ನೇರವಾಗಿರಲಿಲ್ಲ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅದನ್ನು ರಾಜವೈದ್ಯಶಾಲೆಯಿಂದ ಹೊರಹಾಕಿದ್ದ; ಅದಕ್ಕೆ ಮರುಜೀವ ಬಂದದ್ದು 1950ರ ದಶಕದಲ್ಲಿ, ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ. ಅಮೆರಿಕದವರಿಗೆ ಅದು ಮನೆಮಾತಾದದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗಿಗೆ ಹೋಗಿದ್ದಾಗ ಅಪೆಂಡಿಕ್ಸ್ ನೋವು ಬಂದು ಅಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಸೂಜಿ ಚುಚ್ಚಿಯೇ ಅರಿವಳಿಕೆ ಕೊಟ್ಟರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ವಾಸ್ತವದಲ್ಲಿ ಶಸ್ತ್ರಚಿಕಿತ್ಸೆ ಮಾಮೂಲಿ ಅರಿವಳಿಕೆ ಮದ್ದಿನಲ್ಲೇ ನಡೆದಿತ್ತು. ಮರುರಾತ್ರಿ ಹೊಟ್ಟೆಯುಬ್ಬರದಿಂದ ಒದ್ದಾಡುತ್ತಿದ್ದಾಗ ಬಲ ಮೊಣಕೈ ಮತ್ತು ಮಂಡಿಯ ಕೆಳಗೆ ಮೂರು ಸೂಜಿಗಳನ್ನು ಚುಚ್ಚಿದರು, ಗಂಟೆಯೊಳಗೆ ಹೊಟ್ಟೆ ಸಡಿಲವಾಯಿತು ಎಂದಷ್ಟೇ ರೆಸ್ಟನ್ ಬರೆದಿದ್ದರು.

ನನ್ನ ಚಿಕ್ಕಮ್ಮನಿಗೆ ಮಂಡಿನೋವು. ಮಾತ್ರೆ ನುಂಗಿ ನುಂಗಿ ಹೊಟ್ಟೆಯುರಿ ಶುರುವಾದ ಮೇಲೆ ಅವರನ್ನು ಅಕ್ಯುಪಂಕ್ಚರಿಗೆ ಕರೆದೊಯ್ದಿದ್ದೆ. ಅಲ್ಲಿ ಹತ್ತಿರದಿಂದ ನೋಡಿದ ಸೂಜಿಗೂ ಇಂಜೆಕ್ಷನ್ ಸೂಜಿಗೂ ಹೋಲಿಕೆಯೇ ಇರಲಿಲ್ಲ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ತುದಿ ಓರೆಯಾಗಿ ಕತ್ತರಿಸಿದ್ದು, ದಪ್ಪ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಅದು ಚರ್ಮವನ್ನು ಕೊಯ್ದುಕೊಂಡು ಹೋಗುತ್ತದೆ. ಇದೋ ಕಾಲು ಮಿಲಿಮೀಟರ್ ದಪ್ಪದ ಗಟ್ಟಿ ತಂತಿ, ಬೆರಳಲ್ಲಿ ಒತ್ತಿದರೆ ಬಳುಕುತ್ತದೆ. ಚಿಕಿತ್ಸಕರು ಸಣ್ಣ ಪ್ಲಾಸ್ಟಿಕ್ ನಳಿಗೆಯೊಳಗೆ ಅದನ್ನಿಟ್ಟು ಮಂಡಿಯ ಕೆಳಗೆ ಊರಿ, ಮೇಲಿನಿಂದ ತೋರುಬೆರಳಲ್ಲಿ ಒಮ್ಮೆ ತಟ್ಟಿದರು. ನಳಿಗೆ ತೆಗೆದು ಸೂಜಿಯನ್ನು ನವಿರಾಗಿ ತಿರುಗಿಸುತ್ತ, “ಭಾರ ಅನಿಸ್ತಾ ಅಮ್ಮಾ?” ಎಂದು ಕೇಳಿದರು. “ನೋವಿಲ್ಲಪ್ಪ, ಆದ್ರೆ ಜುಂ ಅಂತಿದೆ, ಕಾಲೊಳಗೆ ಏನೋ ಇಳಿದ ಹಾಗಿದೆ” ಎಂದರು ಚಿಕ್ಕಮ್ಮ. ಈ ಭಾರ, ಜೋಮು, ಒಳಗಿನ ಸೆಳೆತಕ್ಕೆ ಚೀನೀ ವೈದ್ಯದಲ್ಲಿ ‘ಡೆ ಚಿ’ ಎಂಬ ಹೆಸರಿದೆ. ‘ಚಿ’ ಎಂಬ ಪ್ರಾಣಶಕ್ತಿ ಸೂಜಿಗೆ ತಾಗಿದ ಗುರುತು ಅದು ಎಂಬುದು ಅವರ ನಂಬಿಕೆ. ಸ್ನಾಯುವಿನ ಆಳದಲ್ಲಿರುವ ನರತಂತುಗಳು ಕೆರಳಿದಾಗ ಇಂಥ ಅನುಭವ ಬರುತ್ತದೆ ಎನ್ನುತ್ತದೆ ಶರೀರಶಾಸ್ತ್ರ.

ಚಿ ಹರಿಯುವ ನಾಳಗಳು ದೇಹದಲ್ಲಿ ಯಾರಿಗೂ ಸಿಕ್ಕಿಲ್ಲ. ಆದರೆ ಸೂಜಿ ಏನನ್ನೂ ಮಾಡುವುದಿಲ್ಲ ಎನ್ನುವಂತೆಯೂ ಇಲ್ಲ. 1970ರ ದಶಕದಲ್ಲಿ ಕಂಡುಬಂದ ಸಂಗತಿಯೊಂದು ಸ್ವಾರಸ್ಯಕರವಾಗಿದೆ: ಅಫೀಮಿನ ಪರಿಣಾಮವನ್ನು ತಡೆಯುವ ನಾಲೋಕ್ಸೋನ್ ಎಂಬ ಮದ್ದನ್ನು ಕೊಟ್ಟಾಗ ಅಕ್ಯುಪಂಕ್ಚರಿನಿಂದ ಬರುವ ನೋವಿನ ಶಮನವೂ ಕುಂದುತ್ತಿತ್ತು. ಎಂದರೆ ಸೂಜಿಯ ಚೋದನೆಗೆ ನಮ್ಮ ಮಿದುಳು, ಬೆನ್ನುಹುರಿಗಳೇ ಎಂಡಾರ್ಫಿನ್‌ನಂಥ ಅಫೀಮುಸದೃಶ ರಾಸಾಯನಿಕಗಳನ್ನು ಸುರಿಸುತ್ತಿವೆ ಎಂದಾಯಿತು. ಬೀಜಿಂಗಿನ ಹಾನ್ ಜಿಶೆಂಗ್ ಅವರು ಸೂಜಿಗೆ ಹಾಯಿಸುವ ವಿದ್ಯುತ್ತಿನ ಲಯ ಬದಲಾದರೆ, ಸೆಕೆಂಡಿಗೆ 2 ಮಿಡಿತವಾದರೆ ಒಂದು ಬಗೆಯ, 100 ಆದರೆ ಇನ್ನೊಂದು ಬಗೆಯ ರಾಸಾಯನಿಕ ಹೊಮ್ಮುತ್ತದೆಂದು ತೋರಿಸಿದರು. 2010ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಯ ಮಂಡಿಯ ಬಳಿ ಸೂಜಿ ತಿರುಗಿಸಿದಾಗ ಅಲ್ಲಿ ಅಡಿನೋಸಿನ್ ಎಂಬ ನೋವುಶಾಮಕ ವಸ್ತು ಹಲವು ಪಟ್ಟು ಏರುವುದನ್ನು ಕಂಡರು. ಸೂಜಿ ಚುಚ್ಚಿ ಸುಮ್ಮನೆ ಬಿಡದೆ ನಡುನಡುವೆ ತಿರುಗಿಸುವ ಪದ್ಧತಿಗೆ ಇದರಲ್ಲಿ ಒಂದು ಸಮರ್ಥನೆ ಸಿಕ್ಕಂತಾಯಿತು.

ರೋಗಿಗೆ ಬೇಕಿರುವುದು ಇಲಿಯ ಕಥೆಯಲ್ಲ, ತನ್ನ ನೋವು ಇಳಿಯುತ್ತದೆಯೇ ಎಂಬುದು. ಇದನ್ನು ತೂಗಿ ನೋಡುವುದು ಮಾತ್ರೆಯನ್ನು ಪರೀಕ್ಷಿಸಿದಷ್ಟು ಸುಲಭವಲ್ಲ. ಮಾತ್ರೆಗೆ ಸಕ್ಕರೆ ಗುಳಿಗೆಯನ್ನು ಎದುರಿಡಬಹುದು. ಸೂಜಿಗೆ ಏನನ್ನು ಎದುರಿಡುವುದು? ತಪ್ಪು ಜಾಗದಲ್ಲಿ ಮೇಲುಮೇಲಕ್ಕೆ ಚುಚ್ಚುವುದು ಒಂದು ದಾರಿ. ಚುಚ್ಚಿದಂತೆ ತೋರಿ ಹಿಡಿಯೊಳಗೇ ಸರಿದುಹೋಗುವ, ನಾಟಕದ ಕತ್ತಿಯಂಥ ಸೂಜಿ ಇನ್ನೊಂದು. ಅದನ್ನು ಜರ್ಮನಿಯವರು 1998ರಲ್ಲಿ ಬಳಕೆಗೆ ತಂದರು. ಅದೇ ದೇಶದಲ್ಲಿ ದೀರ್ಘಕಾಲದ ಸೊಂಟನೋವಿದ್ದ 1,162 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2007ರಲ್ಲಿ ಹೊರಬಂತು. ಆರು ತಿಂಗಳ ನಂತರ, ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ 47.6 ಶೇಕಡಾ ಮಂದಿಗೆ ಗುಣ ಕಂಡಿತ್ತು. ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ ಪಡೆದವರಲ್ಲಿ 27.4 ಶೇಕಡಾ ಮಾತ್ರ. ಇಲ್ಲಿಗೆ ನಿಲ್ಲಿಸಿದ್ದರೆ ಅಕ್ಯುಪಂಕ್ಚರಿನವರು ಪಟಾಕಿ ಹಚ್ಚಬಹುದಿತ್ತು. ಆದರೆ ತಪ್ಪು ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿಯೂ 44.2 ಶೇಕಡಾ ಮಂದಿಗೆ ಗುಣವಾಗಿತ್ತು!

ನನ್ನ ದೃಷ್ಟಿಯಲ್ಲಿ ಈ ವಿದ್ಯೆಯ ಬಗೆಗಿನ ಅತಿ ಮುಖ್ಯವಾದ ಅಂಕಿಗಳು ಇವೇ. ಸೂಜಿಯಿಂದ ಪ್ರಯೋಜನವಿದೆ, ಆದರೆ ಅದನ್ನು ಎಲ್ಲಿ ಚುಚ್ಚಬೇಕೆಂದು ಹೇಳುವ ನಕ್ಷೆಗೆ ನಾವು ಕೊಡುವ ಮಹತ್ವ ಹೆಚ್ಚಾಯಿತು. ನಕ್ಷೆ ಪೂರ್ತಿ ನಿರರ್ಥಕ ಎನ್ನಲೂ ಆಗದು. 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬೆನ್ನು, ಕುತ್ತಿಗೆ, ಮಂಡಿ, ತಲೆಯ ದೀರ್ಘಕಾಲದ ನೋವುಗಳಿಗೆ ನಿಜ ಸೂಜಿ ಹುಸಿ ಸೂಜಿಗಿಂತ ತುಸು ಮೇಲಾಗಿತ್ತು, ಏನೂ ಚುಚ್ಚಿಸಿಕೊಳ್ಳದವರಿಗಿಂತ ಸಾಕಷ್ಟು ಮೇಲಾಗಿತ್ತು. ಪಡೆದ ಗುಣದ ಬಹುಪಾಲು ವರ್ಷ ಕಳೆದರೂ ಉಳಿದಿತ್ತು. ಅರೆತಲೆನೋವಿನದ್ದೂ ಇದೇ ಕಥೆ: ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆಯ ಪ್ರಕಾರ, ತಲೆನೋವು ಬರುವ ದಿನಗಳು ಅರ್ಧಕ್ಕಿಳಿದವರು ನಿಜ ಸೂಜಿಯಲ್ಲಿ ನೂರಕ್ಕೆ 50, ಹುಸಿ ಸೂಜಿಯಲ್ಲಿ 41.

ನೋವು ಬಿಟ್ಟರೆ ಅಕ್ಯುಪಂಕ್ಚರ್ ಗಟ್ಟಿಯಾಗಿ ನಿಂತಿರುವುದು ವಾಕರಿಕೆಯ ವಿಷಯದಲ್ಲಿ. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಗಲ ಬಿಟ್ಟು ಒತ್ತಿ ನೋಡಿ. ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವೆ ಸಿಗುವ ತಗ್ಗೇ ‘ನೈಗ್ವಾನ್’ ಬಿಂದು. ಶಸ್ತ್ರಚಿಕಿತ್ಸೆಯ ನಂತರ ಬರುವ ವಾಂತಿ, ವಾಕರಿಕೆಗೆ ಈ ಬಿಂದುವನ್ನು ಚುಚ್ಚಿ ಅಥವಾ ಒತ್ತಿ ಪರೀಕ್ಷಿಸಿದ 59 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಅದರ ಪರಿಣಾಮ ವಾಂತಿ ತಡೆಯುವ ಔಷಧಗಳಿಗೆ ಸರಿಸಮನಾಗಿ ಕಂಡಿತು. ಬಸ್ಸಿನಲ್ಲಿ ಘಾಟಿ ಹತ್ತುವಾಗ ಹೊಟ್ಟೆ ತೊಳಸುವವರು ಒತ್ತಿ ನೋಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಆ ತಗ್ಗಿನ ನೇರ ಕೆಳಗೆ ಅಂಗೈಗೆ ಹೋಗುವ ಮುಖ್ಯ ನರವೊಂದು ಹಾಯುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಈ ಮಾತಿಗೆ ಮತ್ತೆ ಬರುತ್ತೇನೆ.

ಕಿವಿಯ ಸೂಜಿಗೆ ದೊಡ್ಡ ಹೆಸರು ತಂದದ್ದು ಮಾದಕ ವ್ಯಸನ. 1970ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗಿನ ನರಶಸ್ತ್ರವೈದ್ಯ ಎಚ್. ಎಲ್. ವೆನ್ ಅವರು ನೋವಿಗೆಂದು ಸೂಜಿ ಮತ್ತು ವಿದ್ಯುತ್ತು ಬಳಸುತ್ತಿದ್ದಾಗ, ಅಫೀಮು ಚಟವಿದ್ದ ರೋಗಿಗಳಿಗೆ ಅದು ಸಿಗದಾಗ ಆಗುವ ನಡುಕ, ಚಡಪಡಿಕೆ ತಗ್ಗಿದ್ದನ್ನು ಗಮನಿಸಿದರು. ಸುದ್ದಿ ನ್ಯೂಯಾರ್ಕಿನ ಬಡವರ ಬಡಾವಣೆ ಸೌತ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಗೆ ಮುಟ್ಟಿತು. ಅಲ್ಲಿ ಕ್ರಮೇಣ ಪ್ರತಿ ಕಿವಿಗೆ ಐದೈದು ಸೂಜಿ ಚುಚ್ಚಿ ಸಾಲಾಗಿ ಕುರ್ಚಿಯಲ್ಲಿ ಮೌನವಾಗಿ ಕೂರಿಸುವ ಪದ್ಧತಿ ರೂಪುಗೊಂಡು ಹಲವು ದೇಶಗಳಿಗೆ ಹಬ್ಬಿತು. ಕೊನೆಗೆ ಕೊಕೇನ್ ಚಟದ 620 ಮಂದಿಯ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾದಾಗ, ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರು, ಕಿವಿಯ ಬೇರೆಡೆ ಚುಚ್ಚಿಸಿಕೊಂಡವರು, ಬರಿದೆ ಮನಸ್ಸು ಹಗುರಾಗಿಸುವ ದೃಶ್ಯಗಳನ್ನು ನೋಡುತ್ತ ಕೂತವರು, ಈ ಮೂವರಲ್ಲೂ ವ್ಯತ್ಯಾಸವಿರಲಿಲ್ಲ. ವ್ಯಸನಿಗಳು ದಿನವೂ ಬಂದು ಒಂದೆಡೆ ಕೂರುವುದರಲ್ಲೇ ಲಾಭವಿದ್ದೀತು. ಚಟ ಬಿಡಿಸುವ ಶಕ್ತಿ ಆ ಐದು ಬಿಂದುಗಳಲ್ಲಿದೆ ಎನ್ನುವುದಕ್ಕೆ ಮಾತ್ರ ಆಧಾರ ಸಿಗಲಿಲ್ಲ.

ಹಾಗಾಗಿ ಕಿವಿಗೆ ಸಾಸಿವೆಯಷ್ಟು ಗುಂಡಿನ ಬೀಜವನ್ನು ಪ್ಲಾಸ್ಟರಿನಲ್ಲಿ ಅಂಟಿಸಿ ಮೈತೂಕ ಇಳಿಸುತ್ತೇವೆ, ಸಕ್ಕರೆ ಕಾಯಿಲೆ ಬೇರುಸಹಿತ ಕೀಳುತ್ತೇವೆ, ಥೈರಾಯಿಡ್ ಮಾತ್ರೆ ಬಿಡಿಸುತ್ತೇವೆ ಎನ್ನುವವರ ಮಾತನ್ನು ನಂಬಿ ಇರುವ ಔಷಧವನ್ನು ನಿಲ್ಲಿಸುವುದು ಅಪಾಯಕರ. ಚಿಕ್ಕಮ್ಮನ ಮಂಡಿ ಆರು ವಾರಗಳಲ್ಲಿ ಮಹಡಿ ಹತ್ತುವಷ್ಟು ಹಗುರಾಯಿತು. ಆದರೆ ಅದೇ ಚಿಕಿತ್ಸಾಲಯದಲ್ಲಿ ಬಿ.ಪಿ. ಮಾತ್ರೆ ಇನ್ನು ಬೇಡವೆಂದು ಸಲಹೆ ಕೊಟ್ಟಾಗ ನಾವು ಒಪ್ಪಲಿಲ್ಲ. ಕಿವಿ ಚುಚ್ಚಿಸುವ ನಮ್ಮ ಶಾಸ್ತ್ರ, ಮೇಷ್ಟ್ರು ಕಿವಿ ಹಿಂಡುತ್ತಿದ್ದದ್ದು, ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವುದು, ಇವೆಲ್ಲ ಬುದ್ಧಿ ಚುರುಕಾಗಿಸುವ ಅಕ್ಯುಪಂಕ್ಚರೇ ಎಂಬ ಮಾತೂ ಇತ್ತೀಚೆಗೆ ಕೇಳಿಬರುತ್ತಿದೆ. ಹಿಂಡಿಸಿಕೊಂಡ ಅನುಭವಸ್ಥನಾಗಿ ನನಗೆ ಅದರಲ್ಲಿ ನಂಬಿಕೆಯಿಲ್ಲ.

ಬಲ್ಲವರ ಕೈಯಲ್ಲಿ ಸೂಜಿ ಬಹುಮಟ್ಟಿಗೆ ಸುರಕ್ಷಿತ. ಒಂದೆರಡು ತೊಟ್ಟು ರಕ್ತ, ಸಣ್ಣ ನೀಲಿಗಟ್ಟು, ಕೆಲವರಿಗೆ ತಲೆಸುತ್ತು. ಅರಿಯದವರ ಕೈಯಲ್ಲಿ ಎದೆ ಅಥವಾ ಹೆಗಲಿಗೆ ಆಳವಾಗಿ ಚುಚ್ಚಿದ ಸೂಜಿ ಶ್ವಾಸಕೋಶವನ್ನು ತೂತು ಮಾಡಿದ ಉದಾಹರಣೆಗಳಿವೆ. ಕಿವಿಯದ್ದು ಬೇರೆಯದೇ ಅಪಾಯ. ಹೊರಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಪೋಷಣೆ ಬರಬೇಕು. ಅಲ್ಲಿ ಸೋಂಕು ತಗುಲಿದರೆ ಬೇಗ ವಾಸಿಯಾಗದೆ ಕಿವಿಯ ಆಕಾರವೇ ಕೆಡಬಹುದು. ಒಳಗೇ ಹಲವು ದಿನ ಬಿಡುವ ಪುಟ್ಟ ಸೂಜಿಗಳ ವಿಷಯದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರು, ಎಚ್ಚರದಿಂದಿರಬೇಕು. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯುವಂತೆ ಕೇಳುವುದಕ್ಕೆ ಸಂಕೋಚ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಮೊದಲೇ ಹೇಳಿಬಿಡಬೇಕು.

ಭಾರತಕ್ಕೆ ಇದನ್ನು ತಂದವರೆಂದು ಹೆಸರಾದವರು ಕೋಲ್ಕತ್ತದ ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನೀಸರ ಜೊತೆಗೆ, ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾದ ನೆರವಿಗೆ ಹೋದ ಐವರು ವೈದ್ಯರಲ್ಲಿ ಅವರೂ ಒಬ್ಬರು. ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು 1959ರಲ್ಲಿ ಚಿಕಿತ್ಸೆ ಆರಂಭಿಸಿದರು. ಕೇಂದ್ರ ಸರ್ಕಾರ ಇದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮನ್ನಣೆ ಕೊಟ್ಟದ್ದು 2019ರಲ್ಲಿ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಓದುವವರ ಪಠ್ಯದಲ್ಲಿಯೂ ಅಕ್ಯುಪಂಕ್ಚರ್ ಇದೆ.

ಇನ್ನು ನರದ ಮಾತಿಗೆ ಬರುವ ಭರವಸೆ ಕೊಟ್ಟಿದ್ದೆ. ಹಾರ್ವರ್ಡಿನ ಮಾ ಚ್ಯೂಫು ಅವರ ತಂಡ 2021ರಲ್ಲಿ ಇಲಿಯ ಹಿಂಗಾಲಿನ ಬಿಂದುವಿಗೆ ಮೆಲುವಾದ ವಿದ್ಯುತ್ತು ಹಾಯಿಸಿದಾಗ ಮೈಯ ಉರಿಯೂತ ತಗ್ಗಿತು. ಹೊಟ್ಟೆಯ ಬಿಂದುವಿನಿಂದ ಆ ಪರಿಣಾಮ ಬರಲಿಲ್ಲ. ಕಾರಣ, ಕಾಲಿನ ಆಳದಲ್ಲಿದ್ದ ಒಂದು ಜಾತಿಯ ನರಕೋಶಗಳ ತಂತುಗಳು ಹೊಟ್ಟೆಯ ಆ ಭಾಗದಲ್ಲಿರಲಿಲ್ಲ. ಅವು ಕೆರಳಿದಾಗ ಸಂದೇಶ ಮಿದುಳಿಗೆ ಹೋಗಿ, ಅಲ್ಲಿಂದ ವೇಗಸ್ ಎಂಬ ಉದ್ದನೆಯ ನರದ ಮೂಲಕ, ಉರಿಯೂತ ತಗ್ಗಿಸುವ ರಾಸಾಯನಿಕ ಸುರಿಸುವ ಅಡ್ರಿನಲ್ ಗ್ರಂಥಿಗೆ ಇಳಿಯುತ್ತಿತ್ತು. ಜಾಗಕ್ಕೆ ಬೆಲೆಯಿದೆ, ಆದರೆ ಆ ಬೆಲೆ ಬರುವುದು ಅಡಿಯಲ್ಲಿರುವ ನರದಿಂದ.

ಈ ವೇಗಸ್ ನರದ ಒಂದು ಕವಲು ಕಿವಿಗೂ ಬರುತ್ತದೆ. ಕಿವಿಗುಗ್ಗೆ ತೆಗೆಯುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುವುದು ಅದರಿಂದಲೇ. ಕತ್ತಿನಲ್ಲಿ ಇದೇ ನರಕ್ಕೆ ತಂತಿ ಸುತ್ತಿ ಮೂರ್ಛೆರೋಗವನ್ನು ಹತೋಟಿಗೆ ತರುವ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಕೊಯ್ಯುವ ಗೋಜಿಲ್ಲದೆ ಕಿವಿಯಿಂದಲೇ ಅದನ್ನು ಚೋದಿಸಬಹುದೇ ಎಂಬ ಪ್ರಯೋಗಗಳು ಈಗ ಹಲವೆಡೆ ನಡೆದಿವೆ. ಅವುಗಳಲ್ಲಿ ನಿಜವಾದ ಚಿಕಿತ್ಸೆಗೆ ವಿದ್ಯುದಗ್ರವನ್ನು ವೇಗಸ್ ಕವಲು ಹರಡಿರುವ ಕಿವಿಯ ಬಟ್ಟಲಿಗೆ ಇಡುತ್ತಾರೆ. ಹುಸಿ ಚಿಕಿತ್ಸೆಗೆ ಆ ನರ ತಲುಪದ ಜಾಗ ಬೇಕಲ್ಲ, ಅದಕ್ಕೆ ಸಾಮಾನ್ಯವಾಗಿ ಆರಿಸುವುದು ಹಾಲೆಯನ್ನು. ನೋಜಿಯೆಯವರ ನಕ್ಷೆಯಲ್ಲಿ ತಲೆ ಇರುವುದು ಅಲ್ಲಿಯೇ.