ಜಲ್ಲಿ ರಾಶಿ ಮತ್ತು ಬಾಲಚುಕ್ಕಿಯ ಬಂಡೆಗಳು

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಅರ್ಧ ರಸ್ತೆ ಜಲ್ಲಿ ರಾಶಿಯ ಪಾಲು. ಬೆಂಗಳೂರಲ್ಲಿ ಇದೇನು ಹೊಸದಲ್ಲ ಬಿಡಿ. ಮೊನ್ನೆ ಲಾರಿ ಲೋಡ್ ಸುರಿದ ಕೂಡಲೇ ಮೇಸ್ತ್ರಿ ಒಂದು ಹಿಡಿ ಎತ್ತಿ ಅಂಗೈ ಮೇಲೆ ಹರಡಿದರು. ಬೆರಳಲ್ಲಿ ಅತ್ತಿತ್ತ ಸರಿಸಿದರು. "ಇಪ್ಪತ್ತು ಎಂಎಂ ಕೇಳಿದ್ದು ನಾನು, ಇದ್ರಲ್ಲಿ ಪುಡಿನೇ ಜಾಸ್ತಿ ಐತೆ" ಎಂದು ಡ್ರೈವರ್ ಮೇಲೆ ರೇಗಿದರು. ದಪ್ಪದ್ದೆಷ್ಟು, ಸಣ್ಣದೆಷ್ಟು ಎಂದು ನೋಡಿಯೇ ಕ್ರಷರ್‌ನಲ್ಲಿ ಏನಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ.

ಇದೇ ಲೆಕ್ಕವನ್ನು ಒಂದು ಬಾಲಚುಕ್ಕಿಯ ಮೇಲೂ ಹಾಕಿದ್ದಾರೆ.

ಅದರ ಹೆಸರು 67ಪಿ ಚುರ್ಯುಮೊವ್-ಗೆರಾಸಿಮೆಂಕೊ. ನಾಲಿಗೆ ಹೊರಳದಿದ್ದರೆ 67ಪಿ ಅಂದರೂ ಸಾಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2004ರ ಮಾರ್ಚ್‌ನಲ್ಲಿ ಕಳಿಸಿದ ರೊಸೆಟ್ಟಾ ನೌಕೆ ಅಲ್ಲಿಗೆ ತಲುಪಿದ್ದು 2014ರ ಆಗಸ್ಟ್ 6ಕ್ಕೆ. ದೊಡ್ಡ ಮುದ್ದೆಗೆ ಸಣ್ಣ ಮುದ್ದೆ ಅಂಟಿಸಿದಂಥ ಆಕಾರ. ದೊಡ್ಡದು ಸುಮಾರು 4 ಕಿಲೋಮೀಟರ್ ಉದ್ದ, ಸಣ್ಣದು ಎರಡೂವರೆ. ಮೈಯೆಲ್ಲ ಇದ್ದಿಲಿನಷ್ಟು ಕಪ್ಪು. ಆ ಮೈ ಮೇಲೆ ಎಲ್ಲೆಂದರಲ್ಲಿ ಬಂಡೆಗಳು.

ಬಂಡೆ ಅಂದ ತಕ್ಷಣ ಬಸವನಗುಡಿಯ ಕಹಳೆ ಬಂಡೆ ನೆನಪಾಗುತ್ತದೆ, ಅಲ್ವಾ? ಅದು ಗಟ್ಟಿ ಕಲ್ಲು. ಇಲ್ಲಿಯದು ದೂಳು, ಮಂಜು ಸೇರಿ ಗಟ್ಟಿಯಾದ ಹೆಂಟೆ. ಇಡೀ 67ಪಿಯ ಸಾಂದ್ರತೆ ನೀರಿನ ಅರ್ಧದಷ್ಟು. ಅಷ್ಟು ದೊಡ್ಡ ಕೆರೆ ಸಿಕ್ಕರೆ ಅದು ತೇಲುತ್ತದೆ!

ವಿಜ್ಞಾನಿ ಮೌರಿಜಿಯೊ ಪಜೋಲಾ ಮತ್ತು ಜೊತೆಯವರು ರೊಸೆಟ್ಟಾ ತೆಗೆದ ಫೋಟೊಗಳನ್ನು ಮುಂದಿಟ್ಟುಕೊಂಡು ಬಂಡೆಗಳನ್ನು ಒಂದೊಂದಾಗಿ ಎಣಿಸಿದರು. ಫೋಟೊದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಎರಡು ಮೀಟರಿಗೂ ಸ್ವಲ್ಪ ಜಾಸ್ತಿ. ಒಂದು ಚುಕ್ಕಿ ಬಂಡೆಯೂ ಆಗಿರಬಹುದು, ಸುಮ್ನೆ ಕಲೆಯೂ ಆಗಿರಬಹುದು. ಹಾಗಾಗಿ ಮೂರು ಚುಕ್ಕಿಯಾದರೂ ಇರಬೇಕು, ಹಿಂದೆ ನೆರಳು ಬಿದ್ದಿರಬೇಕು, ಆಗ ಮಾತ್ರ ಅದರ ಸುತ್ತ ಒಂದು ವೃತ್ತ. ವೃತ್ತದ ಅಗಲವೇ ಬಂಡೆಯ ಅಗಲ. ಬೇಸರದ ಕೆಲಸ. ಆದರೆ ಅವಸರ ಮಾಡಿದರೆ ಕೆಡುವಂಥದ್ದು. 2015ರಲ್ಲಿ ಅವರು ಲೆಕ್ಕ ಒಪ್ಪಿಸಿದರು: ಬಿಸಿಲು ಬಿದ್ದಿದ್ದ ಭಾಗದಲ್ಲಿ 7 ಮೀಟರಿಗಿಂತ ದೊಡ್ಡ ಬಂಡೆಗಳು 3,546.

ಸ್ವಾರಸ್ಯ ಇರುವುದು ಈ ಸಂಖ್ಯೆಯಲ್ಲಲ್ಲ, ಅದು ಏರುವ ರೀತಿಯಲ್ಲಿ. ಇಡೀ ಬಾಲಚುಕ್ಕಿಯನ್ನು ತೆಗೆದುಕೊಂಡರೆ, ಗಾತ್ರದ ಮಿತಿಯನ್ನು ಅರ್ಧಕ್ಕೆ ಇಳಿಸಿದಾಗಲೆಲ್ಲ ಬಂಡೆಗಳ ಸಂಖ್ಯೆ ಸುಮಾರು 12 ಪಟ್ಟಾಗುತ್ತದೆ. ಆದರೆ ಎಲ್ಲ ಜಾಗದಲ್ಲೂ ಹೀಗಿಲ್ಲ. ನೆಲ ಕುಸಿದು ಗುಂಡಿಯಾದ ಕಡೆ ಸಣ್ಣವು ಇನ್ನೂ ವಿಪರೀತ. ಬಂಡೆ ಬಿದ್ದು ಬಹಳ ಕಾಲವಾದ ಕಡೆ ಸಣ್ಣವು ಕಮ್ಮಿ. ಬಿಸಿಲಿಗೆ ಅದರೊಳಗಿನ ಮಂಜು ಆವಿಯಾಗಿ ಸಣ್ಣವು ಮೊದಲು ಸವೆದುಹೋಗಿರಬಹುದು. ಮೇಸ್ತ್ರಿ ಅಂಗೈಯಲ್ಲಿ ಓದಿದ್ದು ಇದನ್ನೇ.

ಓದಿದ್ದು ಸರಿಯೇ ಎಂದು ನೋಡಲು ಒಂದು ಅವಕಾಶವೂ ಸಿಕ್ಕಿತು. ಅಸ್ವಾನ್ ಎಂದು ಹೆಸರಿಟ್ಟ ಕಡಿದಾದ ಗೋಡೆಯೊಂದರ ನೆತ್ತಿಯಲ್ಲಿ 70 ಮೀಟರ್ ಉದ್ದದ ಬಿರುಕಿತ್ತು. 2015ರ ಜುಲೈನಲ್ಲಿ ಅದರ ಅಂಚು ಕಳಚಿಬಿತ್ತು. ಒಳಗಿನ ಮಂಜು ಬೆಳ್ಳಗೆ ಹೊಳೆಯಿತು. ಮುಂಚಿನ, ಆಮೇಲಿನ ಫೋಟೊ ಪಕ್ಕಪಕ್ಕ ಇಟ್ಟರೆ ಬುಡದಲ್ಲಿ ಹೊಸ ತುಂಡುಗಳು. ಬಂಡೆ ಹುಟ್ಟುವುದು ಹೀಗೇ ಎಂದು ತೋರಿಸಿಕೊಟ್ಟ ಹಾಗಾಯಿತು.

ಅಲ್ಲಿ ತೂಕವೆಂಬುದು ಹೆಸರಿಗಷ್ಟೇ. ನಮ್ಮ ಒಂದು ಟನ್ ಅಲ್ಲಿ ಹದಿನೈದಿಪ್ಪತ್ತು ಗ್ರಾಮಿನಷ್ಟು ಹಗುರ. ಖೊನ್ಸು ಎಂಬ ಪ್ರದೇಶದಲ್ಲಿ 30 ಮೀಟರ್ ಅಗಲದ ಬಂಡೆಯೊಂದು 140 ಮೀಟರ್ ದೂರ ಸರಿದಿದೆ. ಕೆಳಗಿನ ನೆಲ ಸವೆದು ಉರುಳಿತೋ, ಒಳಗಿನ ಅನಿಲ ಚಿಮ್ಮಿ ಎತ್ತಿ ಹಾಕಿತೋ, ಎರಡಕ್ಕೂ ದಾರಿ ಇದೆ. ಸರಿಯುವ ಹೊತ್ತಿಗೆ ಕ್ಯಾಮೆರಾಗೆ ಸಿಕ್ಕಿಲ್ಲ. ಮೊದಲಿನ ಫೋಟೊದಲ್ಲಿ ಒಂದು ಕಡೆ ಇದೆ, ಆಮೇಲಿನದರಲ್ಲಿ ಇನ್ನೊಂದು ಕಡೆ.